ಬೆರಳಿಗೆ ರಕ್ತ ಸಾಲದಾಗ: ಯಾವ ಆಪರೇಷನ್, ಯಾರಿಗೆ?

ಬೆರಳ ತುದಿಯ ಹುಣ್ಣು ತಿಂಗಳುಗಟ್ಟಲೆ ಮಾಯುತ್ತಿಲ್ಲ. ರಾತ್ರಿ ನೋವಿಗೆ ನಿದ್ದೆಯಿಲ್ಲ, ಉಗುರಿನ ಪಕ್ಕ ಕಪ್ಪು ಕಟ್ಟುತ್ತಿದೆ. ಒಬ್ಬ ಡಾಕ್ಟರು ‘ನರ ಕತ್ತರಿಸಿದರೆ ಬೆರಳು ಬೆಚ್ಚಗಾಗುತ್ತದೆ’ ಎನ್ನುತ್ತಾರೆ, ಇನ್ನೊಬ್ಬರು ಬೈಪಾಸ್ ಎನ್ನುತ್ತಾರೆ, ಮತ್ತೊಬ್ಬರು ಬೆರಳನ್ನೇ ತೆಗೆದುಬಿಡೋಣ ಎನ್ನುತ್ತಾರೆ. ಮನೆಯವರಿಗೆ ತಲೆಕೆಡುತ್ತದೆ, ಯಾರನ್ನು ನಂಬುವುದು? ಮೂವರ ಮಾತಿನಲ್ಲೂ ಸತ್ಯವಿರಬಹುದು. ರಕ್ತ ಎಲ್ಲಿ, ಯಾಕೆ ನಿಂತಿದೆ ಎಂಬುದನ್ನು ಮೊದಲು ತೀರ್ಮಾನಿಸದೆ ಮೂರನ್ನೂ ಪಕ್ಕಪಕ್ಕ ಇಟ್ಟು ತೂಗಲು ಹೊರಟರೆ ಮಾತ್ರ ಗೊಂದಲ.

ಬೆರಳು ನಾಲೆಯ ಕಟ್ಟಕಡೆಯ ಗದ್ದೆ ಇದ್ದಂತೆ. ತೂಬು ಮುಚ್ಚಿದ್ದರೂ ಅಲ್ಲಿಗೆ ನೀರು ಬರುವುದಿಲ್ಲ, ನಾಲೆಯಲ್ಲಿ ಹೂಳು ತುಂಬಿದ್ದರೂ ಬರುವುದಿಲ್ಲ, ಮೇಲ್ಭಾಗದವರು ಪಂಪು ಹಚ್ಚಿ ಎಳೆದುಕೊಂಡರೂ ಬರುವುದಿಲ್ಲ. ರಕ್ತನಾಳ ಬಿಗಿದುಕೊಳ್ಳುವುದು, ಕಟ್ಟಿಹೋಗುವುದು, ರಕ್ತ ದಾರಿಯಲ್ಲೇ ಬೇರೆಡೆಗೆ ತಿರುಗಿಹೋಗುವುದು: ಈ ಮೂರಕ್ಕೂ ಆಪರೇಷನ್‌ಗಳು ಬೇರೆಬೇರೆ. ಒಂದಕ್ಕೆ ಮಾಡಬೇಕಾದ್ದನ್ನು ಇನ್ನೊಂದಕ್ಕೆ ಮಾಡಿದರೆ ಗಾಯದ ಮೇಲೆ ಇನ್ನೊಂದು ಗಾಯವಾಗುತ್ತದೆ, ಅಷ್ಟೇ.

ಕೈಯ ರಚನೆಯನ್ನು ಸ್ವಲ್ಪ ತಿಳಿದಿದ್ದರೆ ಡಾಕ್ಟರ ಮಾತು ಸುಲಭವಾಗಿ ಅರ್ಥವಾಗುತ್ತದೆ. ತೋಳಿನ ದೊಡ್ಡ ಅಪಧಮನಿ ಮೊಣಕೈ ಬಳಿ ಎರಡಾಗಿ ಕವಲೊಡೆಯುತ್ತದೆ. ಹೆಬ್ಬೆರಳ ಕಡೆಗೆ ಇಳಿಯುವುದು ರೇಡಿಯಲ್. ನಾಡಿ ಹಿಡಿದು ನೋಡುವುದು ಇದನ್ನೇ. ಕಿರುಬೆರಳ ಕಡೆಯದು ಅಲ್ನಾರ್. ಅಂಗೈಯಲ್ಲಿ ಇವೆರಡೂ ಕಮಾನಿನ ಆಕಾರದಲ್ಲಿ ಕೂಡಿಕೊಳ್ಳುತ್ತವೆ, ಅಲ್ಲಿಂದ ಬೆರಳೊಂದಕ್ಕೆ ಎರಡೆರಡು ಸಣ್ಣ ನಾಳಗಳು ಹೋಗುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಸಿಕೊಂಡು ಹೋಗುವ ವ್ಯವಸ್ಥೆ ಇದು. ಹಾಗಿದ್ದೂ ಬೆರಳು ಕಪ್ಪಾಗುವ ಮಟ್ಟಕ್ಕೆ ಬಂದಿದೆ ಎಂದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆ ತೊಂದರೆಯಿದೆ ಎಂದೇ ಲೆಕ್ಕ.

ಆಪರೇಷನ್ ಬೇಡದವರು

ಚಳಿಗೆ, ತಣ್ಣೀರಿಗೆ, ಮನಸ್ಸಿನ ಒತ್ತಡಕ್ಕೆ ಬೆರಳು ಬೆಳ್ಳಗಾಗಿ, ನೀಲಿಯಾಗಿ, ಆಮೇಲೆ ಕೆಂಪೇರಿ ಚುರುಗುಟ್ಟುವುದನ್ನು ರೇನೋ ಎನ್ನುತ್ತಾರೆ. 1862ರಲ್ಲಿ ಮೋರಿಸ್ ರೇನೋ ಎಂಬ ಫ್ರೆಂಚ್ ವೈದ್ಯ ತನ್ನ ಪ್ರಬಂಧದಲ್ಲಿ ಇದನ್ನು ವಿವರಿಸಿದ್ದರಿಂದ ಆ ಹೆಸರು. ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗಿ, ಎರಡೂ ಕೈಗೆ ಒಂದೇ ಥರ ಬಂದು, ಹುಣ್ಣಾಗದೆ, ರಕ್ತ ಪರೀಕ್ಷೆಯೂ ಸರಿಯಿದ್ದರೆ ಅವರಿಗೆ ಆಪರೇಷನ್ ಮಾತು ಬರಲೇಬಾರದು. ಕೈಗವಸು, ಬೆಚ್ಚನೆಯ ಉಡುಪು, ಬೇಕಾದರೆ ನಿಫೆಡಿಪಿನ್ ಅಥವಾ ಆಮ್ಲೋಡಿಪಿನ್‌ನಂಥ ಮಾತ್ರೆ ಸಾಕು. ಇಂಥವರಿಗೂ ಎದೆಯೊಳಗಿನ ನರ ಕತ್ತರಿಸುವ ಆಪರೇಷನ್ ಸೂಚಿಸಿದರೆ ಎದ್ದು ಬಂದು ಇನ್ನೊಬ್ಬರ ಅಭಿಪ್ರಾಯ ಕೇಳಿ.

ಮೂವತ್ತು ದಾಟಿದ ಮೇಲೆ ಹೊಸದಾಗಿ ಬಂದದ್ದು, ಬೆರಳ ಚರ್ಮ ಬಿಗಿಯಾಗಿ ಹೊಳೆಯುವುದು, ನುಂಗಲು ಕಷ್ಟ, ತುದಿಯಲ್ಲಿ ಹುಣ್ಣು ಇವೆಲ್ಲ ಇದ್ದರೆ ಕಥೆ ಬೇರೆ. ಚರ್ಮವನ್ನೂ ರಕ್ತನಾಳವನ್ನೂ ಗಟ್ಟಿಯಾಗಿಸುವ ಸ್ಕ್ಲೀರೋಡರ್ಮಾದಂಥ ರೋಗ ಒಳಗಿರಬಹುದು. ಆಗ ಮೊದಲು ಹೋಗಬೇಕಾದ್ದು ರುಮಟಾಲಜಿಸ್ಟ್ (ಸಂಧಿವಾತ ತಜ್ಞರು) ಬಳಿಗೆ, ಸರ್ಜನ್ ಬಳಿಗಲ್ಲ. ನಾಳ ಸಡಿಲಿಸುವ ಸಿಲ್ಡೆನಾಫಿಲ್, ಟಡಾಲಾಫಿಲ್, ಹೊಸ ಹುಣ್ಣು ಏಳದಂತೆ ಬೊಸೆಂಟಾನ್, ಆಸ್ಪತ್ರೆಯಲ್ಲಿ ಮಲಗಿಸಿ ಕೊಡುವ ಪ್ರೊಸ್ಟಗ್ಲಾಂಡಿನ್ ಗುಂಪಿನ ಡ್ರಿಪ್, ಇಷ್ಟು ದಾರಿಗಳು ಕತ್ತಿಗೆ ಮೊದಲೇ ಇವೆ. (ಬೊಸೆಂಟಾನ್ ಗರ್ಭಿಣಿಯರಿಗೆ ಸಲ್ಲದು, ತೆಗೆದುಕೊಳ್ಳುವವರಿಗೆ ಲಿವರ್ ಪರೀಕ್ಷೆ ಆಗಾಗ ಆಗಬೇಕು.)

ಮನೆಯ ಮಾತ್ರೆ ಡಬ್ಬಿಯನ್ನೂ ಡಾಕ್ಟರಿಗೆ ತೋರಿಸಿ. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್‌ಗಳು, ಮೈಗ್ರೇನ್‌ಗೆ ಕೊಡುವ ಎರ್ಗೊಟಮೈನ್, ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆಗಳು ಬೆರಳಿನ ನಾಳವನ್ನು ಇನ್ನಷ್ಟು ಬಿಗಿಯುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ಬದಲಿಸಲು ಕೇಳಿ.

ಕಾಯಲು ಸಮಯವಿಲ್ಲದವರು

ಇದ್ದಕ್ಕಿದ್ದಂತೆ ಇಡೀ ಕೈ ಬೆಳ್ಳಗೆ ತಣ್ಣಗಾಗಿ, ನೋವೆದ್ದು, ನಾಡಿ ಸಿಗದೆ, ಬೆರಳಾಡಿಸಲು ಆಗುತ್ತಿಲ್ಲ ಎಂದರೆ ಈ ಲೇಖನ ಓದುತ್ತ ಕೂರಬೇಡಿ. ಹೆಚ್ಚಾಗಿ ಹೃದಯದಲ್ಲಿ ಹುಟ್ಟಿದ ಹೆಪ್ಪು ಹಾರಿಬಂದು ತೋಳಿನ ನಾಳದಲ್ಲಿ ಸಿಕ್ಕಿಕೊಂಡಿರುತ್ತದೆ. ಹೃದಯಬಡಿತ ತಾಳ ತಪ್ಪಿದವರಲ್ಲಿ, ಚಿಕ್ಕಂದಿನ ಸಂಧಿವಾತ ಜ್ವರದಿಂದ ಕವಾಟ ಕಿರಿದಾದವರಲ್ಲಿ ಇದು ಹೆಚ್ಚು. ಸ್ನಾಯು ಮತ್ತು ನರ ತಾಳಿಕೊಳ್ಳುವುದು ಸುಮಾರು 6 ಗಂಟೆ. ಇಲ್ಲಿ ಆಯ್ಕೆಯೇನೂ ಇಲ್ಲ. ಹೆಚ್ಚಿನವರಿಗೆ ಮೊಣಕೈ ಬಳಿ ಸಣ್ಣದಾಗಿ ಕೊಯ್ದು, ತುದಿಯಲ್ಲಿ ಬಲೂನಿರುವ ಫೋಗಾರ್ಟಿ ಕ್ಯಾಥೆಟರ್ ತೂರಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ. 1963ರಲ್ಲಿ ಬೆಳಕಿಗೆ ಬಂದ ಈ ಉಪಾಯ ಇಂದಿಗೂ ಹಳತಾಗಿಲ್ಲ. ಅಷ್ಟು ಭಾಗವನ್ನು ಮಾತ್ರ ಮರಗಟ್ಟಿಸಿಯೂ ಮಾಡಬಹುದಾದ್ದರಿಂದ ವಯಸ್ಸಾದವರಿಗೂ ಹೆದರಿಕೆ ಕಡಿಮೆ. ಹೆಪ್ಪು ತೆಗೆದ ಮೇಲೆ ಹೃದಯದ ಎಕೋ ಆಗಬೇಕು, ರಕ್ತ ತೆಳುವಾಗಿಸುವ ಔಷಧಿ ಮುಂದುವರಿಯಬೇಕು. ಅದು ಇಲ್ಲದಿದ್ದರೆ ಮುಂದಿನ ಹೆಪ್ಪು ಮೆದುಳಿಗೆ ಹೋದೀತು.

ಎದೆಯೊಳಗಿನ ನರವೋ, ಅಂಗೈ ನಾಳದ ಮೇಲಿನ ನರವೋ

ರಕ್ತನಾಳವನ್ನು ಬಿಗಿಯುವ ಅಪ್ಪಣೆ ಸಿಂಪಥೆಟಿಕ್ ನರಗಳಿಂದ ಬರುತ್ತದೆ. ಆ ಅಪ್ಪಣೆಯನ್ನು ಕಡಿದುಹಾಕಿದರೆ ನಾಳ ಸಡಿಲಾಗುತ್ತದೆ ಎಂಬುದೇ ಸಿಂಪಥೆಕ್ಟಮಿಯ ತರ್ಕ. ಎಲ್ಲಿ ಕಡಿಯುವುದು ಎಂಬಲ್ಲಿ ಎರಡು ದಾರಿ. ಎರಡಕ್ಕೂ ಡಾಕ್ಟರುಗಳು ಒಂದೇ ಹೆಸರು ಬಳಸುವುದರಿಂದ ರೋಗಿಗಳು ಹೆಚ್ಚು ಏಮಾರುವುದೂ ಇಲ್ಲೇ.

ಮೊದಲನೆಯದು ಎದೆಗೂಡಿನೊಳಗೆ. ಕಂಕುಳ ಕೆಳಗೆ ಒಂದೆರಡು ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ, ಬೆನ್ನುಮೂಳೆಯ ಪಕ್ಕದಲ್ಲಿ ಸರಪಳಿಯಂತೆ ಇಳಿಯುವ ನರವನ್ನು ಎರಡನೇ, ಮೂರನೇ ಪಕ್ಕೆಲುಬಿನ ಮಟ್ಟದಲ್ಲಿ ಕತ್ತರಿಸುತ್ತಾರೆ ಅಥವಾ ಕ್ಲಿಪ್ ಹಾಕುತ್ತಾರೆ. ಪೂರ್ತಿ ಅರಿವಳಿಕೆ ಬೇಕು, ಒಂದು ಶ್ವಾಸಕೋಶವನ್ನು ಸ್ವಲ್ಪ ಹೊತ್ತು ಕುಗ್ಗಿಸಬೇಕು. ಆಪರೇಷನ್ ಟೇಬಲ್ ಮೇಲೇ ಕೈ ಬೆಚ್ಚಗಾಗುತ್ತದೆ. ರೋಗಿಗೂ ಮನೆಯವರಿಗೂ ಪವಾಡ ಕಂಡಷ್ಟು ಸಂತೋಷ. ಆದರೆ ರೇನೋ ಇರುವವರಲ್ಲಿ ಈ ಬೆಚ್ಚನೆ ಉಳಿಯುವುದಿಲ್ಲ. ಕೆಲವು ತಿಂಗಳಿಗೋ ಒಂದೆರಡು ವರ್ಷಕ್ಕೋ ಬಹಳ ಮಂದಿಗೆ ತೊಂದರೆ ಮರಳುತ್ತದೆ. ಅಡ್ಡಪರಿಣಾಮವಂತೂ ಮರಳಿ ಹೋಗುವುದಿಲ್ಲ. ಕೈ ಬೆವರುವುದು ನಿಂತು ಬೆನ್ನು, ಹೊಟ್ಟೆ, ತೊಡೆ ಧಾರಾಳ ಬೆವರತೊಡಗುತ್ತವೆ. ಕರಾವಳಿಯ ಸೆಕೆಯಲ್ಲಿ ಬದುಕುವವರು ಈ ಒಂದು ಸಂಗತಿಯನ್ನು ಎರಡು ಸಲ ಯೋಚಿಸಬೇಕು. ಅಪರೂಪಕ್ಕೆ ಒಂದು ಕಣ್ಣಿನ ರೆಪ್ಪೆ ಜೋಲುವುದೂ ಉಂಟು. ಅಂಗೈ ಅತಿಯಾಗಿ ಬೆವರುವವರಿಗೆ ಇದೇ ಆಪರೇಷನ್ ಚೆನ್ನಾಗಿ ಫಲ ಕೊಡುತ್ತದೆ, ಅದರ ಹೆಸರೇ ಇದರ ಜಾಹೀರಾತಾಗಿಬಿಟ್ಟಿದೆ. ಬೆರಳಿಗೆ ರಕ್ತ ಸಾಲದವರಲ್ಲಿ ಇದರ ಉಪಯೋಗ ಒಂದು ಸಂದರ್ಭಕ್ಕೆ ಸೀಮಿತ ಎಂದು ನನ್ನ ತಿಳಿವಳಿಕೆ: ಹುಣ್ಣು ಮಾಯಬೇಕಿದೆ, ಬೈಪಾಸ್‌ಗೆ ಜಾಗವಿಲ್ಲ, ಔಷಧಿಗಳನ್ನೆಲ್ಲ ಕೊಟ್ಟು ನೋಡಿ ಆಗಿದೆ, ಕೆಲವು ತಿಂಗಳ ಕಾಲಾವಕಾಶ ಸಿಕ್ಕರೂ ಗಾಯ ಒಣಗೀತು ಎಂಬ ಸ್ಥಿತಿ.

ಎರಡನೆಯದು ಕೈಯಲ್ಲೇ. ಸಿಂಪಥೆಟಿಕ್ ನರದ ಎಳೆಗಳು ಅಪಧಮನಿಯ ಹೊರಪದರದಲ್ಲೇ ಹರಡಿಕೊಂಡಿರುತ್ತವೆ, ದಾರಿಯುದ್ದಕ್ಕೂ ಪಕ್ಕದ ನರಗಳಿಂದ ಹೊಸ ಎಳೆಗಳು ಬಂದು ಸೇರುತ್ತವೆ. ಎದೆಯೊಳಗೆ ಕಡಿದರೂ ತೊಂದರೆ ಮರಳುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. 1980ರಲ್ಲಿ ಅಮೆರಿಕದ ಕೈ ಸರ್ಜನ್ ಏಡ್ರಿಯನ್ ಫ್ಲಾಟ್ ಬೆರಳಿನ ನಾಳದ ಮೇಲೇ ಈ ಕೆಲಸ ಮಾಡಿ ತೋರಿಸಿದರು. ಅಂಗೈಯಲ್ಲಿ, ಬೇಕಾದರೆ ಮಣಿಕಟ್ಟಿನಲ್ಲೂ ಕೊಯ್ದು, ಆಪರೇಟಿಂಗ್ ಮೈಕ್ರೋಸ್ಕೋಪ್ ಕೆಳಗೆ ನಾಳದ ಹೊರಪದರವನ್ನು ಸುತ್ತಲೂ ಸುಲಿದು ತೆಗೆಯುತ್ತಾರೆ. ಸ್ಕ್ಲೀರೋಡರ್ಮಾದಲ್ಲಿ ಈ ಹೊರಪದರವೇ ದಪ್ಪಗಾಗಿ ನಾಳವನ್ನು ಹಿಸುಕುತ್ತಿರುತ್ತದೆ. ಹೀಗಾಗಿ ಅವರಿಗೆ ನರವನ್ನೂ ಕಡಿದಂತೆ, ಬಿಗಿದ ಪಟ್ಟಿಯನ್ನೂ ಬಿಚ್ಚಿದಂತೆ. ಹುಣ್ಣು ಮಾಯುವುದು, ನೋವು ಇಳಿಯುವುದು, ಬೆರಳು ಉಳಿಯುವುದು ಈ ಗುಂಪಿನಲ್ಲಿ ಹೆಚ್ಚು. ಕೊಬ್ಬುಗಟ್ಟಿ ನಾಳ ಕಟ್ಟಿದವರಲ್ಲಿ ಫಲ ಅಷ್ಟಿಲ್ಲ. ಮೈಯ ಬೇರೆ ಕಡೆ ಬೆವರುವ ಗೋಳು ಇದರಲ್ಲಿಲ್ಲ. ಬದಲಿಗೆ ಅಂಗೈಯ ಗಾಯ ನಿಧಾನವಾಗಿ ಮಾಯುತ್ತದೆ, ಬೆರಳು ಕೆಲಕಾಲ ಬಿಗಿಯಾಗಬಹುದು, ಸ್ಪರ್ಶ ಮಂದವಾಗಬಹುದು. ಮೈಕ್ರೋಸ್ಕೋಪ್‌ನಲ್ಲಿ ಕೈ ಪಳಗಿದ ಸರ್ಜನ್ ಬೇಕು ಎಂಬುದೇ ದೊಡ್ಡ ಷರತ್ತು.

ಇವೆರಡರ ನಡುವೆ ಆರಿಸಬೇಕಾದರೆ, ಬೆರಳ ಹುಣ್ಣಿನವರಿಗೆ ನಾನು ಎರಡನೆಯದರ ಪರ. ಆದರೆ ಯಾವುದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಕೇಳಿ. ಮಣಿಕಟ್ಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ನರದ ಅಪ್ಪಣೆ ಕೆಲ ಗಂಟೆ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಬೆರಳು ಬೆಚ್ಚಗಾದರೆ, ಬೆರಳಿನ ರಕ್ತದ ಒತ್ತಡ ಏರಿದರೆ, ಬಿಗಿತವೇ ಮುಖ್ಯ ಕಾರಣ, ಸಿಂಪಥೆಕ್ಟಮಿಯಿಂದ ಲಾಭವಾದೀತು. ಏನೂ ಬದಲಾಗದಿದ್ದರೆ ನಾಳ ಕಟ್ಟಿಹೋಗಿದೆ, ನರ ಕಡಿದು ಹೆಚ್ಚಿನ ಪ್ರಯೋಜನವಿಲ್ಲ.

ಬೊಟಾಕ್ಸ್ ಬಗ್ಗೆ ಹಲವರು ಕೇಳುತ್ತಾರೆ. ಅಂಗೈಯಲ್ಲಿ ನಾಳಗಳ ಪಕ್ಕ ಚುಚ್ಚಿ ನಾಳ ಸಡಿಲಿಸುವ ಉಪಾಯ. ಕತ್ತಿಯಿಲ್ಲ, ಪರಿಣಾಮ ಕೆಲವು ತಿಂಗಳು. ಕೆಲವರಿಗೆ ನೋವು ನಿಜಕ್ಕೂ ಇಳಿಯುತ್ತದೆ. ಆದರೆ ಸ್ಕ್ಲೀರೋಡರ್ಮಾ ರೋಗಿಗಳಲ್ಲಿ ಔಷಧಿಯಿಲ್ಲದ ಖಾಲಿ ಇಂಜೆಕ್ಷನ್‌ನೊಂದಿಗೆ ಹೋಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತದ ಹರಿವು ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ಕೈಯ ಹಿಡಿತ ಸ್ವಲ್ಪ ಕಾಲ ಸಡಿಲಾಗಬಹುದು. ಆಪರೇಷನ್‌ಗೆ ಮುನ್ನ ಒಮ್ಮೆ ನೋಡಬಹುದಾದ ದಾರಿ, ಅದಕ್ಕಿಂತ ಹೆಚ್ಚಿನ ಭರವಸೆ ಬೇಡ.

ಬೈಪಾಸ್: ಆಚೆ ದಡ ಇದ್ದರೆ ಮಾತ್ರ

ನಾಳ ಒಂದು ಕಡೆ ಕಟ್ಟಿದೆ, ಅದರಾಚೆ ತೆರೆದ ನಾಳವಿದೆ ಎಂದಾಗ ಬೈಪಾಸ್‌ಗೆ ಸಮನಾದ್ದು ಇನ್ನೊಂದಿಲ್ಲ. ಕಾಲಿನಿಂದಲೋ ಮುಂಗೈಯಿಂದಲೋ ಒಂದು ತುಂಡು ಅಭಿಧಮನಿ ತೆಗೆದು, ಕಟ್ಟಿದ ಜಾಗ ದಾಟಿಸಿ, ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾರೆ. ‘ಆಚೆ ತೆರೆದ ನಾಳ’ ಇಲ್ಲದಿದ್ದರೆ ಎಂಥ ಕೈಚಳಕದವರು ಹೊಲಿದರೂ ರಕ್ತಕ್ಕೆ ಹೋಗಲು ದಾರಿಯಿಲ್ಲ, ಕಸಿಯೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಆಂಜಿಯೋಗ್ರಾಂ ಚಿತ್ರ ನೋಡುವಾಗ ‘ಎಲ್ಲಿ ಕಟ್ಟಿದೆ’ ಎಂದಷ್ಟೇ ಅಲ್ಲ, ‘ಅದರ ಮುಂದೆ ಏನಾದರೂ ಕಾಣುತ್ತಿದೆಯೇ’ ಎಂದೂ ಕೇಳಿ.

ಇದಕ್ಕೆ ಹೇಳಿಮಾಡಿಸಿದ ರೋಗಿಗಳು ಯಾರೆಂದರೆ ಅಂಗೈಯನ್ನೇ ಸುತ್ತಿಗೆಯಂತೆ ಬಳಸುವವರು. ಗ್ಯಾರೇಜಿನ ಮೆಕ್ಯಾನಿಕ್, ಬಡಗಿ, ಗಾರೆ ಕೆಲಸದವರು. ಕಿರುಬೆರಳ ಬುಡದ ದಿಂಡಿನ ಕೆಳಗೆ ಅಲ್ನಾರ್ ನಾಳ ಒಂದು ಮೂಳೆಯ ಕೊಕ್ಕೆಯ ಪಕ್ಕದಲ್ಲಿ ಹಾದುಹೋಗುತ್ತದೆ. ಅಲ್ಲಿ ಮತ್ತೆಮತ್ತೆ ಪೆಟ್ಟು ಬಿದ್ದು ನಾಳ ಉಬ್ಬುತ್ತದೆ ಅಥವಾ ಹೆಪ್ಪುಗಟ್ಟುತ್ತದೆ. ಉಂಗುರದ ಬೆರಳು, ಕಿರುಬೆರಳು ತಣ್ಣಗಾಗುತ್ತವೆ, ಹೆಬ್ಬೆರಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಕೆಟ್ಟ ತುಂಡನ್ನು ತೆಗೆದು ಅಭಿಧಮನಿಯ ಕಸಿ ಹಾಕಬಹುದು. ರೇಡಿಯಲ್ ಕಡೆಯಿಂದ ರಕ್ತ ಸಾಕಷ್ಟು ಬರುತ್ತಿದ್ದರೆ ಕಸಿಯಿಲ್ಲದೆ ಕೆಟ್ಟ ಭಾಗವನ್ನು ಕಟ್ಟಿ ತೆಗೆದರೂ ಸಾಕಾಗಬಹುದು. ಕಸಿಗಳಲ್ಲಿ ಹಲವು ವರ್ಷಗಳ ಮೇಲೆ ಮುಚ್ಚಿಕೊಳ್ಳುತ್ತವೆ, ಆದರೂ ಅಷ್ಟರಲ್ಲಿ ಪಕ್ಕದ ದಾರಿಗಳು ಬೆಳೆದಿರುವುದರಿಂದ ಬಹಳ ಮಂದಿಗೆ ತೊಂದರೆ ಮರಳುವುದಿಲ್ಲ. ಹುಣ್ಣಿಲ್ಲ, ಬರೀ ಚಳಿಗೆ ನೋವು ಎನ್ನುವವರು ಮೊದಲು ಕೆಲಸದ ರೀತಿ ಬದಲಿಸಿ, ಔಷಧಿಯಲ್ಲಿ ನೋಡುವುದು ಮೇಲು.

ಇನ್ನೊಂದು ಜಾಗ ಕೈಯಲ್ಲೇ ಇಲ್ಲ, ಕುತ್ತಿಗೆಯಲ್ಲಿದೆ. ಕೆಲವರಿಗೆ ಹುಟ್ಟಿನಿಂದಲೇ ಕುತ್ತಿಗೆಯ ಬುಡದಲ್ಲಿ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ತೋಳಿಗೆ ಹೋಗುವ ದೊಡ್ಡ ನಾಳ ಅದಕ್ಕೆ ಒತ್ತಿಕೊಂಡು ಉಬ್ಬಿ, ಒಳಗೆ ಹೆಪ್ಪು ಕಟ್ಟಿ, ಚೂರುಗಳು ಬೆರಳಿಗೆ ಉದುರುತ್ತಿರುತ್ತವೆ. ಯುವಕ ಯುವತಿಯರಲ್ಲಿ *ಒಂದೇ ಕೈಯ* ಬೆರಳು ನೀಲಿಯಾಗುತ್ತಿದ್ದರೆ ಅದನ್ನು ರೇನೋ ಎಂದು ತಳ್ಳಿಹಾಕುವ ಮುನ್ನ ಕುತ್ತಿಗೆಯ ಎಕ್ಸ್-ರೇ ಆಗಲೇಬೇಕು. ಪಕ್ಕೆಲುಬು ತೆಗೆದು ನಾಳ ಸರಿಪಡಿಸದೆ ಬೆರಳಲ್ಲಿ ಏನು ಮಾಡಿದರೂ ಚೂರುಗಳು ಬರುತ್ತಲೇ ಇರುತ್ತವೆ.

ಆಚೆ ನಾಳವೇ ಇಲ್ಲದವರಿಗೆ ಒಂದು ಕೊನೆಯ ಪ್ರಯತ್ನವಿದೆ: ಅಪಧಮನಿಯ ರಕ್ತವನ್ನು ಕೈಯ ಅಭಿಧಮನಿಗೆ ತಿರುಗಿಸಿ ಹಿಮ್ಮುಖವಾಗಿ ಬೆರಳಿಗೆ ಕಳಿಸುವುದು. ಕೆಲವೇ ಕಡೆ ಮಾಡುತ್ತಾರೆ. ಬೆರಳು ಹೋಗುವುದು ಖಚಿತ ಎಂದಾದ ಮೇಲೆ ಮಾತ್ರ ಇದರ ಮಾತು.

ಬೀಡಿ ಸೇದುವವರು

ನಮ್ಮ ದೇಶದಲ್ಲಿ ನಲವತ್ತು, ನಲವತ್ತೈದರೊಳಗಿನ ಗಂಡಸರು ಬೆರಳು ಕಪ್ಪಾಗಿಸಿಕೊಂಡು ಬಂದರೆ ಡಾಕ್ಟರು ಮೊದಲು ಕೇಳುವುದು ‘ಎಷ್ಟು ಬೀಡಿ?’ ಎಂದು. ಬ್ಯೂರ್ಗರ್ ಕಾಯಿಲೆ. ನ್ಯೂಯಾರ್ಕಿನ ಲಿಯೋ ಬ್ಯೂರ್ಗರ್ 1908ರಲ್ಲಿ ಕತ್ತರಿಸಿ ತೆಗೆದ ಹನ್ನೊಂದು ಕೈಕಾಲುಗಳ ನಾಳಗಳನ್ನು ಪರೀಕ್ಷಿಸಿ ಇದನ್ನು ವಿವರಿಸಿದ. ಮಣಿಕಟ್ಟಿನಲ್ಲಿ ಎರಡೂ ನಾಳ ಒತ್ತಿಹಿಡಿದು, ಒಂದೊಂದಾಗಿ ಬಿಟ್ಟು ಕೈ ಕೆಂಪೇರುವುದನ್ನು ನೋಡುವ ಪರೀಕ್ಷೆ ಇದೆಯಲ್ಲ, 1929ರಲ್ಲಿ ಎಡ್ಗರ್ ಆಲೆನ್ ಅದರ ಮೂಲ ರೂಪವನ್ನು ಕೊಟ್ಟದ್ದೂ ಈ ರೋಗಿಗಳಿಗಾಗಿಯೇ.

ಈ ಕಾಯಿಲೆ ಸಣ್ಣ ಮತ್ತು ಮಧ್ಯಮ ಗಾತ್ರದ ನಾಳಗಳನ್ನೇ ಹಿಡಿಯುವುದರಿಂದ ಬೈಪಾಸ್‌ಗೆ ಆಚೆ ದಡ ಸಿಗುವುದು ಅಪರೂಪ. ಸಿಂಪಥೆಕ್ಟಮಿಯಿಂದ ನೋವು ತಗ್ಗಿ ಹುಣ್ಣು ಒಣಗಬಹುದು, ರೋಗ ನಿಲ್ಲುವುದಿಲ್ಲ. ರೋಗವನ್ನು ನಿಲ್ಲಿಸುವುದು ತಂಬಾಕು ಬಿಡುವುದೊಂದೇ. ಕಡಿಮೆ ಮಾಡುವುದಲ್ಲ, ಪೂರ್ತಿ ಬಿಡುವುದು. ಬೀಡಿ ಬಿಟ್ಟು ಕಡ್ಡಿಪುಡಿ, ಗುಟ್ಕಾ ಹಾಕಿಕೊಂಡರೂ ಲೆಕ್ಕ ಅದೇ. ನಿಕೋಟಿನ್ ಚೂಯಿಂಗ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಕೂಡ ಈ ಒಂದು ಕಾಯಿಲೆಯಲ್ಲಿ ಒಳ್ಳೆಯದಲ್ಲ. ಕಪ್ಪಾಗುವ ಮುಂಚೆಯೇ ಪೂರ್ತಿ ಬಿಟ್ಟವರು ಬೆರಳು ಕಳೆದುಕೊಳ್ಳುವುದು ತೀರಾ ಅಪರೂಪ. ಎಷ್ಟೋ ಮನೆಗಳಲ್ಲಿ ಆಪರೇಷನ್‌ಗೆ ಸಾಲ ಎತ್ತುತ್ತಾರೆ, ವಾರ್ಡಿನ ಹಿಂದೆ ನಿಂತು ಬೀಡಿ ಹಚ್ಚುವವರನ್ನು ಮಾತ್ರ ಯಾರೂ ತಡೆಯುವುದಿಲ್ಲ. ಬಿಡದೆ ಮಾಡಿಸಿಕೊಳ್ಳುವ ಆಪರೇಷನ್ ದುಡ್ಡು ದಂಡ ಎಂದು ಹೇಳಲು ನನಗೆ ಅಳುಕಿಲ್ಲ. ತಂಬಾಕು ಬಿಡಿಸುವ ಕ್ಲಿನಿಕ್ಕಿನ ಚೀಟಿಯನ್ನು ಸರ್ಜನ್ ಚೀಟಿಗೆ ಮೊದಲೇ ಬರೆಸಿಕೊಳ್ಳಿ.

ಡಯಾಲಿಸಿಸ್ ಕೈ

ಕಿಡ್ನಿ ಸೋತವರಿಗೆ ತೋಳಿನಲ್ಲಿ ಫಿಸ್ಟುಲಾ ಮಾಡುತ್ತಾರೆ: ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವುದು. ಕೆಲವರಲ್ಲಿ ಅದು ಬೆರಳಿಗೆ ಹೋಗಬೇಕಾದ ರಕ್ತವನ್ನೂ ಎಳೆದುಕೊಳ್ಳುತ್ತದೆ. ಮಣಿಕಟ್ಟಿನ ಫಿಸ್ಟುಲಾಗಿಂತ ಮೊಣಕೈಯದರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಡಯಾಲಿಸಿಸ್ ನಡೆಯುವಾಗ ಬೆರಳು ಜೋಮು ಹಿಡಿಯುವುದರಿಂದ ಶುರು. ಬರೀ ತಣ್ಣಗಿದ್ದರೆ ಕೈಗವಸು ಹಾಕಿ ಕಾಯಬಹುದು. ಕುಳಿತಲ್ಲೇ ನೋವು, ಹುಣ್ಣು ಎಂದರೆ ಕಾಯುವಂತಿಲ್ಲ.

ಆಯ್ಕೆಗಳು: ಫಿಸ್ಟುಲಾವನ್ನು ಕಟ್ಟಿಬಿಡುವುದು, ಅದಕ್ಕೆ ಪಟ್ಟಿ ಬಿಗಿದು ಹರಿವು ತಗ್ಗಿಸುವುದು, ಇಲ್ಲವೇ ಡ್ರಿಲ್ (DRIL) ಎಂಬ ಆಪರೇಷನ್. ಕಟ್ಟಿದರೆ ಕೈ ಉಳಿಯುತ್ತದೆ, ಡಯಾಲಿಸಿಸ್‌ನ ದಾರಿ ಹೋಗುತ್ತದೆ. ಪಟ್ಟಿ ಬಿಗಿಯುವುದು ಚಿಕ್ಕ ಕೆಲಸ, ಆದರೆ ಅಳತೆ ಕಷ್ಟ: ಸಡಿಲಾದರೆ ಫಲವಿಲ್ಲ, ಬಿಗಿಯಾದರೆ ಫಿಸ್ಟುಲಾ ಮುಚ್ಚುತ್ತದೆ. ಹರಿವು ವಿಪರೀತ ಇರುವ ಫಿಸ್ಟುಲಾಗೆ ಇದು ಸರಿ. 1988ರಿಂದ ಬಳಕೆಯಲ್ಲಿರುವ ಡ್ರಿಲ್‌ನಲ್ಲಿ ಫಿಸ್ಟುಲಾದ ಕೆಳಗೆ ಅಪಧಮನಿಯನ್ನು ಕಟ್ಟಿ, ಮೇಲಿನಿಂದ ಅಭಿಧಮನಿ ಕಸಿಯ ಮೂಲಕ ಕೈಗೆ ಬೇರೆ ದಾರಿ ಕೊಡುತ್ತಾರೆ. ಬೆರಳೂ ಉಳಿದು ಫಿಸ್ಟುಲಾವೂ ಉಳಿಯುವ ಭರವಸೆ ಇದರಲ್ಲಿ ಚೆನ್ನಾಗಿದೆ. ಹಿಂಜರಿಕೆ ಒಂದೇ, ಕೈಗೆ ಮುಂದೆ ಆ ಕಸಿಯೇ ಗತಿ. ಇನ್ನೊಂದು ಎಚ್ಚರಿಕೆ: ಫಿಸ್ಟುಲಾ ಮಾಡಿದ ಕೆಲವೇ ಗಂಟೆಗಳಲ್ಲಿ ಕೈ ಸೋತು, ಬೆರಳೆತ್ತಲು ಆಗದೆ, ಉರಿನೋವು ಬಂದರೆ ನರಗಳು ರಕ್ತವಿಲ್ಲದೆ ಸಾಯುತ್ತಿವೆ ಎಂದರ್ಥ. ಆ ರಾತ್ರಿಯೇ ಫಿಸ್ಟುಲಾ ಕಟ್ಟಬೇಕು, ಬೆಳಗಿನ ರೌಂಡ್ಸ್‌ಗೆ ಕಾಯಬಾರದು.

ಬೆರಳು ತೆಗೆಯುವ ಮಾತು ಬಂದಾಗ

ಕಪ್ಪಾದ ತುದಿ ಒಣಗಿ ಗಟ್ಟಿಯಾಗಿದ್ದು, ಕೀವಿಲ್ಲ, ಜ್ವರವಿಲ್ಲ ಎಂದಾದರೆ ಅವಸರ ಬೇಡ. ಜೀವಂತ ಭಾಗಕ್ಕೂ ಸತ್ತ ಭಾಗಕ್ಕೂ ನಡುವೆ ಗೆರೆ ಸ್ಪಷ್ಟವಾಗಲು ವಾರಗಳು ಬೇಕು. ಎಷ್ಟೋ ಸಲ ಒಣಗಿದ ತುದಿ ತಾನಾಗಿಯೇ ಕಳಚಿಕೊಳ್ಳುತ್ತದೆ, ಸರ್ಜನ್ ಕೊಯ್ದಿದ್ದರೆ ಹೋಗುತ್ತಿದ್ದುದಕ್ಕಿಂತ ಹೆಚ್ಚು ಉದ್ದ ಉಳಿಯುತ್ತದೆ. ನೋಡಲು ಹಿಂಸೆ, ನಿಜ. ಒದ್ದೆಯಾಗಿ, ವಾಸನೆ ಬಂದು, ಕೆಂಪು ಮೇಲಕ್ಕೆ ಹರಡುತ್ತಿದ್ದರೆ ಅದು ಬೇರೆ ಮಾತು, ತಕ್ಷಣ ತೆಗೆಯಲೇಬೇಕು. ರಕ್ತ ತಲುಪದ ಕಡೆ ಕೊಯ್ದರೆ ಆ ಗಾಯವೂ ಮಾಯುವುದಿಲ್ಲ; ಇಂದು ಬೆರಳ ತುದಿ, ಮುಂದಿನ ತಿಂಗಳು ಇಡೀ ಬೆರಳು ಎಂದು ಕಂತಿನಲ್ಲಿ ಕಳೆದುಕೊಳ್ಳುವುದು ಹೀಗೇ. ಆದ್ದರಿಂದ ತೆಗೆಯುವ ಮುನ್ನ ರಕ್ತ ತರಿಸುವ ದಾರಿ ಏನಾದರೂ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ.

ಯಾರ ಬಳಿ, ಏನು ಹಿಡಿದುಕೊಂಡು

ತೋಳು, ಮಣಿಕಟ್ಟಿನವರೆಗಿನ ನಾಳಕ್ಕೆ ವ್ಯಾಸ್ಕುಲರ್ ಸರ್ಜನ್. ಅಂಗೈ, ಬೆರಳಿನ ನಾಳಕ್ಕೆ ಮೈಕ್ರೋಸರ್ಜರಿ ಮಾಡುವ ಪ್ಲಾಸ್ಟಿಕ್ ಸರ್ಜನ್ ಅಥವಾ ಕೈ ಸರ್ಜನ್. ಬೆಂಗಳೂರಿನಲ್ಲಿ ಎರಡೂ ವಿಭಾಗಗಳಿರುವ ಆಸ್ಪತ್ರೆಗಳು ಸಿಗುತ್ತವೆ. ಜಿಲ್ಲೆಯಿಂದ ಹೊರಡುವವರು ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿನ ವರದಿ, ಸ್ಕ್ಲೀರೋಡರ್ಮಾದಂಥ ರೋಗಗಳ ಸುಳಿವಿಗಾಗಿ ಮಾಡುವ ಎಎನ್‌ಎ ರಕ್ತ ಪರೀಕ್ಷೆ, ಆಂಜಿಯೋಗ್ರಾಂ ಆಗಿದ್ದರೆ ಅದರ ಸಿಡಿ ಒಯ್ಯಿರಿ, ಬರೀ ಕಾಗದದ ವರದಿ ಸಾಲದು. ಚಳಿಗೆ ಬಣ್ಣ ಬದಲಾಗುವ ಬೆರಳಿನ ಫೋಟೋ ಮೊಬೈಲಿನಲ್ಲಿರಲಿ. ಡಾಕ್ಟರ ಕೋಣೆಯಲ್ಲಿ ಬೆರಳು ಸಾಮಾನ್ಯವಾಗಿ ಸಭ್ಯವಾಗಿಯೇ ಇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಸೇರಿಸಬೇಕೆಂದರೆ ಆಪರೇಷನ್ ದಿನ ನಿಗದಿಯಾಗುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ, ನಿಮಗೆ ಹೇಳಿರುವ ಆಪರೇಷನ್ ಪಟ್ಟಿಯಲ್ಲಿದೆಯೇ, ರೆಫರಲ್ ಚೀಟಿ ಬೇಕೇ ಎಂದು ಖಚಿತಪಡಿಸಿಕೊಳ್ಳಿ.

ಬೈಪಾಸ್ ಆದವರು ಮನೆಗೆ ಬಂದ ಮೇಲೆ ದಿನಕ್ಕೆರಡು ಸಲ ಬೆರಳ ಬಣ್ಣ, ಬಿಸಿ ನೋಡಿಕೊಳ್ಳಬೇಕು, ಸರ್ಜನ್ ತೋರಿಸಿಕೊಟ್ಟ ಜಾಗದಲ್ಲಿ ನಾಡಿ ಮುಟ್ಟಿ ನೋಡಬೇಕು. ಇದ್ದ ನಾಡಿ ಸಿಗದಿದ್ದರೆ, ಬೆಚ್ಚಗಿದ್ದ ಬೆರಳು ಮತ್ತೆ ತಣ್ಣಗಾದರೆ ಮರುದಿನದ ಓಪಿಡಿಗೆ ಕಾಯದೆ ಆಪರೇಷನ್ ಆದ ಆಸ್ಪತ್ರೆಗೇ ಹೊರಡಿ. ಮುಚ್ಚಿದ ಕಸಿಯನ್ನು ಮೊದಲ ಕೆಲವು ಗಂಟೆಗಳಲ್ಲಿ ತೆರೆಯಲು ಸಾಧ್ಯವಾಗುವುದುಂಟು.